ಮೊಟ್ಟೆ ತೊಳೆದರೆ ತಾಯಿಯ ರೋಗ ಹೋಗುತ್ತದೆಯೇ?

ಪ್ರಶ್ನೆ: ನಾನು ಕುಮಟಾ ಕಡೆಯವನು. ತಮಿಳುನಾಡು ಕರಾವಳಿಯ ಒಂದು ಸಣ್ಣ ಖಾಸಗಿ ಹ್ಯಾಚರಿಯಲ್ಲಿ ಎರಡು ವರ್ಷದಿಂದ ಸೀಬಾಸ್ ಮೀನಿನ ಮರಿ ಮಾಡುವ ವಿಭಾಗ ನೋಡಿಕೊಳ್ಳುತ್ತಿದ್ದೇನೆ. ಈ ಸಲ ಮೊದಲ ಬ್ಯಾಚಿನ ಮೊಟ್ಟೆಗಳನ್ನು ಪುಸ್ತಕದಲ್ಲಿ ಓದಿದಂತೆ 100 ಪಿಪಿಎಂ (ಲೀಟರಿಗೆ 100 ಮಿಲಿಗ್ರಾಂ) ಅಯೋಡಿನ್‌ನಲ್ಲಿ 10 ನಿಮಿಷ ಅದ್ದಿದೆ. ಔಷಧಿ ಅಂಗಡಿಯಿಂದ ತಂದ ಪೊವಿಡೋನ್ ಅಯೋಡಿನ್ ಲೀಟರಿಗೆ 10 ಮಿಲಿ ಹಾಕಿದ್ದೆ. ಏರೇಷನ್ ಕೊಟ್ಟ ಕೂಡಲೇ ತುಂಬಾ ನೊರೆ ಬಂತು. ಯಾವಾಗಲೂ ನೂರಕ್ಕೆ ಎಂಬತ್ತು ಒಡೆಯುವ ಮೊಟ್ಟೆ ಅವತ್ತು ಮೂವತ್ತೂ ಒಡೆಯಲಿಲ್ಲ. ಹೆದರಿ ಮುಂದಿನ ಎರಡು ಬ್ಯಾಚುಗಳನ್ನು ಬರೀ ನೀರಿನಲ್ಲಿ ತೊಳೆದು ಬಿಟ್ಟೆ. ಮೂರನೆಯ ಬ್ಯಾಚಿನಲ್ಲಿ 14-15ನೇ ದಿನಕ್ಕೆ ಮರಿಗಳು ಬುಗುರಿಯಂತೆ ಸುತ್ತಿ, ಹೊಟ್ಟೆ ಮೇಲಾಗಿ ತೇಲಿ, ನಾಲ್ಕೇ ದಿನದಲ್ಲಿ ತೊಟ್ಟಿ ಖಾಲಿಯಾಯಿತು. ಮೊಟ್ಟೆ ಸರಿಯಾಗಿ ತೊಳೆಯದ್ದರಿಂದ ಹೀಗಾಯಿತು, ಡೋಸ್ ಹೆಚ್ಚಿಸಿ ಎನ್ನುತ್ತಾರೆ ಮಾಲೀಕರು. ಜೊತೆಯವರು ಆ್ಯಂಟಿಬಯೋಟಿಕ್ ಹಾಕು ಅನ್ನುತ್ತಾರೆ. ಮೊಟ್ಟೆಗೆ ಪ್ರಕೃತಿಯೇ ರಕ್ಷಣೆ ಕೊಟ್ಟಿದೆ, ಏನೂ ಹಾಕಬೇಡಿ ಎನ್ನುವವರೂ ಇದ್ದಾರೆ. ಯಾವ ಔಷಧಿ, ಎಷ್ಟು, ಯಾವಾಗ? ಮರಿಗಳಿಗೆ ಬರುವ ನರರೋಗವನ್ನು ಇದರಿಂದ ತಡೆಯಬಹುದೇ?

ಉತ್ತರ: ನಿಮ್ಮ ಪತ್ರದಲ್ಲಿ ಎರಡು ನಷ್ಟಗಳಿವೆ. ನೀವು ಎರಡಕ್ಕೂ ಒಂದೇ ಕಾರಣ ಹುಡುಕುತ್ತಿದ್ದೀರಿ. ಮೊದಲ ಬ್ಯಾಚಿನ ಮೊಟ್ಟೆ ಒಡೆಯದಿದ್ದುದೇ ಬೇರೆ, ಮೂರನೆಯ ಬ್ಯಾಚಿನ ಮರಿ ಸತ್ತದ್ದೇ ಬೇರೆ. ಮೊದಲನೆಯದು ಬಾಟಲಿಯ ತಪ್ಪು ಎಂಬುದು ನನ್ನ ಬಲವಾದ ಅನುಮಾನ. ಎರಡನೆಯದು ಬಹುಪಾಲು ತಾಯಿಮೀನಿನಿಂದ ಬಂದದ್ದು, ಇಲ್ಲವೇ ನೀರಿನಿಂದ.

ನೊರೆ ಬಂತು ಎಂದಿರಲ್ಲ, ಅಲ್ಲಿಂದಲೇ ಶುರು ಮಾಡುತ್ತೇನೆ. ಔಷಧಿ ಅಂಗಡಿಯಲ್ಲಿ ಪೊವಿಡೋನ್ ಅಯೋಡಿನ್ ಹಲವು ರೂಪದಲ್ಲಿ ಸಿಗುತ್ತದೆ. ಗಾಯಕ್ಕೆ ಹಚ್ಚುವ ದ್ರಾವಣ ಒಂದು. ಶಸ್ತ್ರಚಿಕಿತ್ಸೆಗೆ ಮೊದಲು ವೈದ್ಯರು ಕೈ ತೊಳೆಯುವ ‘ಸ್ಕ್ರಬ್’ ಇನ್ನೊಂದು. ಬಣ್ಣ ಒಂದೇ, ವಾಸನೆ ಒಂದೇ, ಬಾಟಲಿಯೂ ಹೆಚ್ಚುಕಡಿಮೆ ಒಂದೇ. ಆದರೆ ಸ್ಕ್ರಬ್‌ನಲ್ಲಿ ಸಾಬೂನಿನಂಥ ಮಾರ್ಜಕ ಬೆರೆಸಿರುತ್ತಾರೆ. ಮಾರ್ಜಕಕ್ಕೆ ಕೊಬ್ಬು ಮತ್ತು ಪೊರೆ ಎರಡನ್ನೂ ಕರಗಿಸುವ ಗುಣವಿದೆ. ಮೀನಿನ ಮೊಟ್ಟೆಗೆ ಅಯೋಡಿನ್‌ಗಿಂತ ಅದೇ ಹೆಚ್ಚು ಅಪಾಯ. ಸಾದಾ ದ್ರಾವಣವೂ ಗಾಳಿ ಕೊಟ್ಟರೆ ಸ್ವಲ್ಪ ನೊರೆಯಾಡುತ್ತದೆ, ನಿಜ. ‘ತುಂಬಾ ನೊರೆ’ ಎಂದರೆ ಮಾತ್ರ ಬಾಟಲಿ ತಿರುಗಿಸಿ ಚೀಟಿ ಓದಲೇಬೇಕು. ಸ್ಕ್ರಬ್ ಎಂದಿದ್ದರೆ ಅದನ್ನು ಕೈ ತೊಳೆಯಲು ಇಟ್ಟುಕೊಳ್ಳಿ, ಮೊಟ್ಟೆಯ ಹತ್ತಿರ ತರಬೇಡಿ. ಹ್ಯಾಚರಿ ಬಳಕೆಗೆಂದೇ ಬರುವ, ಮಾರ್ಜಕ ಇಲ್ಲದ ಅಯೋಡಿನ್ ದ್ರಾವಣ (ಅಯೋಡೋಫೋರ್) ಸಿಕ್ಕರೆ ಅದೇ ಒಳ್ಳೆಯದು.

ಲೆಕ್ಕವನ್ನೂ ಇಲ್ಲೇ ಹೇಳಿಬಿಡುತ್ತೇನೆ, ಇದರಲ್ಲಿ ಎಡವುವವರು ಬಹಳ. 10 ಪರ್ಸೆಂಟ್ ಪೊವಿಡೋನ್ ಅಯೋಡಿನ್ ಅಂದರೆ 10 ಪರ್ಸೆಂಟ್ ಅಯೋಡಿನ್ ಅಲ್ಲ. ಅದರಲ್ಲಿ ಕೆಲಸಕ್ಕೆ ಬರುವ ಅಯೋಡಿನ್ ಸುಮಾರು 1 ಪರ್ಸೆಂಟ್ ಮಾತ್ರ, ಅಂದರೆ ಒಂದು ಮಿಲಿಯಲ್ಲಿ 10 ಮಿಲಿಗ್ರಾಂ. 100 ಪಿಪಿಎಂ ಬೇಕೆಂದರೆ ಲೀಟರಿಗೆ 10 ಮಿಲಿ ಹಾಕಬೇಕು. ಬಾಟಲಿ 5 ಪರ್ಸೆಂಟಿನದಾದರೆ 20 ಮಿಲಿ. ನಿಮ್ಮ ಲೆಕ್ಕ ತಪ್ಪಿರಲಿಲ್ಲ, ಬಾಟಲಿ ತಪ್ಪಿರಬೇಕು.

ಅಂದಮಾತ್ರಕ್ಕೆ 100 ಪಿಪಿಎಂ, 10 ನಿಮಿಷ ಎಂಬ ಪುಸ್ತಕದ ಮಾತು ನಿಮ್ಮ ಮೊಟ್ಟೆಗೆ ಸರಿ ಅಂತಲೂ ಅಲ್ಲ. ಆ ಸಂಖ್ಯೆ ಬಂದದ್ದು ಸಾಲ್ಮನ್, ಟ್ರೌಟ್ ಮೀನುಗಳ ಕೆಲಸದಿಂದ. ಸಾಲ್ಮನ್ ಮೊಟ್ಟೆ ಬಟಾಣಿ ಗಾತ್ರದ್ದು, ಸಿಹಿನೀರಿನದು, ಗಟ್ಟಿ ಚಿಪ್ಪಿನದು, ತಣ್ಣೀರಿನಲ್ಲಿ ತಿಂಗಳುಗಟ್ಟಲೆ ಕೂತು ಒಡೆಯುವಂಥದ್ದು. ನಿಮ್ಮ ಸೀಬಾಸ್ ಮೊಟ್ಟೆ ಬನ್ಸಿ ರವೆಯ ಕಾಳಿನಷ್ಟು, 0.8 ಮಿಲಿಮೀಟರ್ ಆಸುಪಾಸು. 28-30 ಡಿಗ್ರಿ ನೀರಿನಲ್ಲಿ 15ರಿಂದ 18 ಗಂಟೆಗೆ ಮರಿಯಾಗಿ ಹೊರಬರುತ್ತದೆ. ಅದರ ಚಿಪ್ಪು ತೆಳು. ಹತ್ತು ನಿಮಿಷ ಎಂಬುದು ಸಾಲ್ಮನ್ ಮೊಟ್ಟೆಯ ಆಯುಸ್ಸಿನಲ್ಲಿ ಕಣ್ಣು ಮಿಟುಕಿಸಿದಷ್ಟು. ಸೀಬಾಸ್ ಮೊಟ್ಟೆಗೆ ಅದು ಇಡೀ ಬದುಕಿನ ನೂರನೇ ಒಂದು ಪಾಲು.

ಈಗ ಮೊಟ್ಟೆಯ ಮೈಮೇಲೆ ಏನಿರುತ್ತದೆ ನೋಡೋಣ. ತಾಯಿಮೀನಿನ ತೊಟ್ಟಿಯಲ್ಲಿ ಮೊಟ್ಟೆ, ವೀರ್ಯ, ಅಂಡದ ರಸ, ಮಲ, ಉಳಿದ ಆಹಾರ ಎಲ್ಲ ಒಟ್ಟಿಗೇ ಇರುತ್ತವೆ. ಮೊಟ್ಟೆ ಬಲೆಗೆ ಬೀಳುವಷ್ಟರಲ್ಲಿ ಬ್ಯಾಕ್ಟೀರಿಯಾ ಚಿಪ್ಪಿಗೆ ಅಂಟಿರುತ್ತವೆ. ವಿಬ್ರಿಯೋ ಜಾತಿಯವು ಇರುತ್ತವೆ, ಎಳೆಎಳೆಯಾಗಿ ಬೆಳೆಯುವ ಲ್ಯೂಕೋಥ್ರಿಕ್ಸ್ ಇರುತ್ತದೆ. ಸತ್ತ ಮೊಟ್ಟೆ ಅವುಗಳಿಗೆ ಊಟ. ಒತ್ತಾಗಿ ತುಂಬಿದ ತೊಟ್ಟಿಯಲ್ಲಿ ಗಂಟೆ ಗಂಟೆಗೂ ಸಂಖ್ಯೆ ಏರುತ್ತದೆ. ಮೊಟ್ಟೆಯೊಳಗಿನ ಭ್ರೂಣವೂ ಆಮ್ಲಜನಕ ಎಳೆಯುವುದು ಅದೇ ಚಿಪ್ಪಿನ ಸೂಕ್ಷ್ಮ ರಂಧ್ರಗಳಿಂದ. ಹೊರಗೆ ಬ್ಯಾಕ್ಟೀರಿಯಾ ಪದರ ದಪ್ಪವಾದಷ್ಟೂ ಒಳಗೆ ಉಸಿರು ಕಟ್ಟುತ್ತದೆ. ‘ಪ್ರಕೃತಿಯೇ ರಕ್ಷಣೆ ಕೊಟ್ಟಿದೆ’ ಎನ್ನುವವರ ಮಾತು ಸಮುದ್ರದ ಮಟ್ಟಿಗೆ ನಿಜ. ಅಲ್ಲಿ ಒಂದೊಂದು ಮೊಟ್ಟೆಯ ಸುತ್ತಲೂ ಎಷ್ಟೋ ಲೀಟರ್ ನೀರಿರುತ್ತದೆ. ನಮ್ಮಲ್ಲಿ ಒಂದು ಲೀಟರಿನೊಳಗೆ ನೂರಾರು ಮೊಟ್ಟೆ ಇಡುತ್ತೇವೆ. ಆ ಮಾತು ಇಲ್ಲಿ ಹೊಂದುವುದಿಲ್ಲ.

ಮೊಟ್ಟೆಯನ್ನು ಶುಚಿ ಮಾಡಬೇಕು, ಸರಿ. ಆದರೆ ಯಾವ ಔಷಧಿಯೇ ಆಗಲಿ ಶುಚಿ ಮಾಡುವುದು ಚಿಪ್ಪಿನ ಹೊರಮೈಯನ್ನು ಮಾತ್ರ. ಮಾಲೀಕರಿಗೆ ಇದನ್ನು ಬಿಡಿಸಿ ಹೇಳಿ. ಭ್ರೂಣಕ್ಕೆ ಹಾನಿ ಮಾಡದೆ ಚಿಪ್ಪಿನೊಳಗೆ ಹೋಗಿ ವೈರಸ್ ಕೊಲ್ಲುವ ಔಷಧಿ ಇಲ್ಲ. ಚಿಪ್ಪು ದಾಟುವಷ್ಟು ಡೋಸ್ ಏರಿಸಿದರೆ ಮೊದಲು ಸಾಯುವುದು ಭ್ರೂಣ.

ನಿಮ್ಮ ಮೂರನೆಯ ಬ್ಯಾಚಿನ ಲಕ್ಷಣ, ಅಂದರೆ ಎರಡು ವಾರದ ಮರಿ ಸುತ್ತುತ್ತ ಈಜುವುದು, ಹೊಟ್ಟೆ ಮೇಲಾಗಿ ತೇಲುವುದು, ಕೆಲವೇ ದಿನದಲ್ಲಿ ಎಲ್ಲ ಹೋಗುವುದು, ವೈರಲ್ ನರ್ವಸ್ ನೆಕ್ರೋಸಿಸ್‌ಗೆ ಹೊಂದುತ್ತದೆ. ನಾವು ವಿಎನ್‌ಎನ್ ಎನ್ನುವುದು, ನೀವು ನರರೋಗ ಎಂದದ್ದು ಇದಕ್ಕೇ. ಬೀಟಾನೋಡಾ ಎಂಬ ವೈರಸ್ಸು ಮರಿಯ ಮಿದುಳು ಮತ್ತು ಕಣ್ಣಿನ ಅಕ್ಷಿಪಟಲದಲ್ಲಿ ಬೆಳೆದು ಅಲ್ಲಿ ತೂತು ತೂತು ಮಾಡಿಬಿಡುತ್ತದೆ. ಭಾರತದ ಹ್ಯಾಚರಿಯ ಸೀಬಾಸ್ ಮರಿಗಳಲ್ಲಿ ಇದು ಇರುವ ಮೊದಲ ವರದಿ ಪ್ರಕಟವಾದದ್ದು 2005ರಲ್ಲಿ. ಕಣ್ಣಳತೆಯಲ್ಲಿ ಹೇಳಿದ್ದನ್ನೇ ತೀರ್ಪು ಅಂದುಕೊಳ್ಳಬೇಡಿ. ಆರ್‌ಟಿ-ಪಿಸಿಆರ್ ಮಾಡಿಸದೆ ಖಚಿತವಾಗುವುದಿಲ್ಲ. ಈಜುಚೀಲ ಸರಿಯಾಗಿ ತುಂಬದೆ ಹೋದರೂ, ಅತಿಯಾಗಿ ಉಬ್ಬಿದರೂ ಮರಿ ಹೀಗೇ ತೇಲುತ್ತದೆ. ಆದರೆ ನಾಲ್ಕು ದಿನದಲ್ಲಿ ತೊಟ್ಟಿ ಖಾಲಿ ಎಂದರೆ ನಾನು ಮೊದಲು ಅನುಮಾನಪಡುವುದು ವಿಎನ್‌ಎನ್ ಮೇಲೆ.

ಈ ವೈರಸ್ಸಿಗೆ ಕೊಬ್ಬಿನ ಹೊದಿಕೆ ಇಲ್ಲ. ಹೊದಿಕೆ ಇರುವ ವೈರಸ್ಸು ಸಾಬೂನಿಗೂ ಸಾಯುತ್ತದೆ, ಇದು ಜಗ್ಗುವುದಿಲ್ಲ. ಸಮುದ್ರದ ನೀರಿನಲ್ಲಿ ಬಹುಕಾಲ ಉಳಿಯುತ್ತದೆ. ಫ್ರೀಜರಿನಲ್ಲಿ ಇಟ್ಟ ಮೀನಿನಲ್ಲೂ ಉಳಿಯುತ್ತದೆ. ತಾಯಿಮೀನಿನಲ್ಲಿ ಯಾವ ಲಕ್ಷಣವೂ ತೋರದೆ ಕೂತು, ಅಂಡದ ರಸದೊಂದಿಗೆ ಮೊಟ್ಟೆಯ ಮೈಗೆ ಅಂಟಿ, ಕೆಲವೊಮ್ಮೆ ಮೊಟ್ಟೆಯ ಒಳಗೇ ಸೇರಿ ಮುಂದಿನ ಪೀಳಿಗೆಗೆ ದಾಟುತ್ತದೆ. ಮೈಗೆ ಅಂಟಿದ ಪಾಲನ್ನು ತೊಳೆಯಬಹುದು. ಒಳಗೆ ಸೇರಿದ್ದನ್ನು ಯಾರೂ ತೊಳೆಯಲಾರರು.

ಜಪಾನಿನವರು ಇದನ್ನು 1990ರ ದಶಕದಲ್ಲಿ ಸ್ಟ್ರೈಪ್ಡ್ ಜ್ಯಾಕ್ ಎಂಬ ಮೀನಿನಲ್ಲಿ ಕಷ್ಟಪಟ್ಟು ಕಲಿತರು. ಮರಿಗಳು ತೊಟ್ಟಿಗೆ ತೊಟ್ಟಿಯೇ ಸಾಯುತ್ತಿದ್ದಾಗ ತಾಯಿಮೀನುಗಳನ್ನೇ ಪಿಸಿಆರ್ ಮೂಲಕ ಪರೀಕ್ಷಿಸಿ, ವೈರಸ್ ಇದ್ದವನ್ನು ಸಂತಾನಕ್ಕೆ ಬಳಸುವುದನ್ನು ನಿಲ್ಲಿಸಿದರು. ಓಝೋನ್ ನೀರಿನಲ್ಲಿ ಮೊಟ್ಟೆ ತೊಳೆಯುವುದನ್ನು ಅದರ ಜೊತೆಗೆ ಸೇರಿಸಿಕೊಂಡರು. ಒಂದೇ ಮೀನಿನಿಂದ ಮತ್ತೆ ಮತ್ತೆ ಮೊಟ್ಟೆ ಇಡಿಸಿದಾಗ, ಆ ಒತ್ತಡಕ್ಕೆ ವೈರಸ್ಸು ಹೊರಬರುವುದು ಹೆಚ್ಚುತ್ತದೆ ಎಂಬುದೂ ಅಲ್ಲೇ ಕಂಡದ್ದು. ನಿಮ್ಮ ಮೂರೂ ಬ್ಯಾಚು ಒಂದೇ ಜೋಡಿ ತಾಯಿಮೀನಿನಿಂದ, ಒಂದರ ಹಿಂದೊಂದು ಅಮಾವಾಸ್ಯೆ ಹುಣ್ಣಿಮೆಗೆ ಹಾರ್ಮೋನ್ ಚುಚ್ಚಿ ತೆಗೆದವೇ? ಪತ್ರದಲ್ಲಿ ಬರೆದಿಲ್ಲ. ಹೌದಾದರೆ ಆ ಮೀನುಗಳಿಗೆ ಈ ಋತುವಿನಲ್ಲಿ ವಿಶ್ರಾಂತಿ ಕೊಡಿ.

ಹಾಗಾಗಿ ನನ್ನ ಮೊದಲ ಸಲಹೆ ಔಷಧಿಯ ಬಗ್ಗೆ ಅಲ್ಲ. ತಾಯಿಮೀನಿಗೆ ಗುರುತಿನ ಟ್ಯಾಗ್ ಹಾಕಿ, ಕ್ಯಾನ್ಯುಲಾ ಎಂಬ ಸಣ್ಣ ಕೊಳವೆಯಿಂದ ಅಂಡದ ಮಾದರಿ ತೆಗೆಯುವಾಗಲೇ ಸ್ವಲ್ಪ ಪರೀಕ್ಷೆಗೂ ಕಳುಹಿಸಿ. ಒಮ್ಮೆ ನೆಗೆಟಿವ್ ಬಂದರೆ ಜೀವನಪೂರ್ತಿ ನೆಗೆಟಿವ್ ಅಲ್ಲ, ವೈರಸ್ಸು ಬಿಟ್ಟು ಬಿಟ್ಟು ಹೊರಬೀಳುತ್ತದೆ. ಪ್ರತಿ ಋತುವಿಗೂ ಮಾಡಿಸಬೇಕು. ತಾಯಿಮೀನಿಗೆ ಹಸಿ ಬೂತಾಯಿ ಹಾಕುತ್ತಿದ್ದರೆ ಅದೂ ವೈರಸ್ಸು ಬರುವ ಒಂದು ದಾರಿ. ಐಸಿನಲ್ಲಿ ಇಟ್ಟಿದ್ದೆವು ಎಂಬುದು ರಕ್ಷಣೆಯಲ್ಲ. ಚೆನ್ನೈನ ಸಿಬಾ (ಕೇಂದ್ರೀಯ ಚೌಳುನೀರು ಜಲಕೃಷಿ ಸಂಸ್ಥೆ) ಈ ವೈರಸ್ಸಿಗೆ ನೋಡಾವ್ಯಾಕ್-ಆರ್ ಎಂಬ ಲಸಿಕೆ ರೂಪಿಸಿದೆ, ವಿಚಾರಿಸಿ. ಅದು ಚುಚ್ಚುವ ಲಸಿಕೆ, ಎರಡು ವಾರದ ಎಳೆಮರಿಗೆ (ಲಾರ್ವಾ) ಕೊಡುವಂಥದ್ದಲ್ಲ. ತಾಯಿಮೀನಿನ ವಿಷಯಕ್ಕೆ ಅವರೊಡನೆ ಮಾತಾಡಬಹುದು. ದೇಶದಲ್ಲಿ ಮೊದಲ ಬಾರಿಗೆ, 1997ರಲ್ಲಿ, ಸೀಬಾಸ್ ಸಂತಾನೋತ್ಪತ್ತಿ ಮಾಡಿಸಿದವರು ಅವರೇ. ನೀವು ಇರುವ ಜಾಗದಿಂದ ಪ್ರಯೋಗಾಲಯವೂ ದೂರವಾಗದು.

ಇನ್ನು ಔಷಧಿಗಳು.

ಅಯೋಡಿನ್ ನಿಮ್ಮ ಮಟ್ಟದ ಹ್ಯಾಚರಿಗೆ ಕೈಗೆಟುಕುವ ದಾರಿ. ಬ್ಯಾಕ್ಟೀರಿಯಾಕ್ಕೂ ಆಗುತ್ತದೆ, ಹೊರಗಿನ ವೈರಸ್ಸಿಗೂ ಒಂದಿಷ್ಟು ಆಗುತ್ತದೆ. ಅದರ ದೌರ್ಬಲ್ಯ ಎಂದರೆ ಕೊಳೆ ಸಿಕ್ಕರೆ ಅಲ್ಲೇ ಖರ್ಚಾಗಿಬಿಡುವುದು. ಮೊದಲು ಮೊಟ್ಟೆಯನ್ನು ಶೋಧಿಸಿದ ನೀರಿನಲ್ಲಿ ಚೆನ್ನಾಗಿ ತೊಳೆದು ಆಮೇಲೆ ಅದ್ದಬೇಕು. ದ್ರಾವಣ ಹಾಲು ಹಾಕದ ಟೀ ಬಣ್ಣದಲ್ಲಿ ಇರುವವರೆಗೆ ಕೆಲಸ ಮಾಡುತ್ತಿದೆ ಅನ್ನಿ. ತಿಳಿಹಳದಿಗೆ ಇಳಿಯಿತೆಂದರೆ ಚೆಲ್ಲಿ. ಎರಡನೇ ಕಂತು ಮೊಟ್ಟೆಯನ್ನು ಅದೇ ದ್ರಾವಣದಲ್ಲಿ ಅದ್ದಿ ಉಳಿತಾಯ ಮಾಡಲು ಹೋಗಬೇಡಿ. ಇನ್ನೊಂದು ಸೂಕ್ಷ್ಮವನ್ನು ಹೆಚ್ಚಿನವರು ಗಮನಿಸುವುದಿಲ್ಲ. ಒಳ್ಳೆಯ ಸೀಬಾಸ್ ಮೊಟ್ಟೆ ತೇಲುತ್ತದೆ. ಬಕೆಟ್ಟಿನ ದ್ರಾವಣಕ್ಕೆ ಸುರಿದರೆ ಮೇಲೆ ಒಂದು ಪದರವಾಗಿ ನಿಲ್ಲುತ್ತದೆ, ಮೇಲ್ಪದರದ ಮೊಟ್ಟೆಯ ಬೆನ್ನಿಗೆ ಔಷಧಿಯೇ ತಾಗುವುದಿಲ್ಲ. 400-500 ಮೈಕ್ರಾನ್ ಬಲೆಯ ಬುಟ್ಟಿ ಮಾಡಿಕೊಂಡು, ಅದರಲ್ಲಿ ಮೊಟ್ಟೆ ಇಟ್ಟು, ಬುಟ್ಟಿಯನ್ನು ಮೆಲ್ಲಗೆ ಇಳಿಸಿ ಎತ್ತಿ ಮಾಡಬೇಕು, ಅಕ್ಕಿ ತೊಳೆಯುವ ಹಾಗೆ. ಗಾಳಿಗುಳ್ಳೆ ಬಿಡುವ ಗಾಳಿಕಲ್ಲು ಬೇಡ.

ಓಝೋನ್ ಇದಕ್ಕಿಂತ ಬಲಶಾಲಿ. ನಾರ್ವೆಯಲ್ಲಿ ಹ್ಯಾಲಿಬಟ್ ಮೀನಿನ ಮೊಟ್ಟೆಗೆ ಇದೇ ಗುಂಪಿನ ನೋಡಾವೈರಸ್ ತಾಗಿಸಿ, ಓಝೋನ್ ಬೆರೆಸಿದ ಸಮುದ್ರದ ನೀರಿನಲ್ಲಿ ಅಲ್ಪಕಾಲ ತೊಳೆದು, ಹೊರಮೈಯ ವೈರಸ್ಸು ನಿಷ್ಕ್ರಿಯವಾಗುವುದನ್ನೂ ಮರಿಗಳು ಹೆಚ್ಚು ಉಳಿಯುವುದನ್ನೂ 2000ರಲ್ಲಿ ತೋರಿಸಿದರು. ಆದರೆ ಹ್ಯಾಲಿಬಟ್ 6 ಡಿಗ್ರಿ ಆಸುಪಾಸಿನ ನೀರಿನಲ್ಲಿ ಹೆಚ್ಚುಕಡಿಮೆ ಎರಡು ವಾರ ಮೊಟ್ಟೆಯಾಗಿಯೇ ಇರುವ ಮೀನು. ಅವರ ಸಂಖ್ಯೆಯನ್ನು ನಮ್ಮ 29 ಡಿಗ್ರಿ ನೀರಿಗೆ ತಂದು ಹಚ್ಚಬಾರದು. ಸಮುದ್ರದ ನೀರಿನಲ್ಲಿ ಇನ್ನೂ ಒಂದು ತೊಡಕಿದೆ. ಅದರಲ್ಲಿನ ಬ್ರೋಮೈಡ್ ಜೊತೆ ಓಝೋನ್ ಸೇರಿ ಬ್ರೋಮಿನ್‌ನ ಬೇರೆ ಆಕ್ಸಿಡೆಂಟ್‌ಗಳಾಗುತ್ತವೆ. ಓಝೋನ್ ಹಾರಿಹೋದ ಮೇಲೂ ಅವು ನೀರಿನಲ್ಲಿ ಉಳಿದು ಕೆಲಸ ಮಾಡುತ್ತಲೇ ಇರುತ್ತವೆ. ಅಳೆಯುವ ಸಾಧನವಿಲ್ಲದೆ ಇದಕ್ಕೆ ಕೈಹಾಕಬಾರದು.

ನಾನು ಕೈಹಾಕಿದ್ದೇನೆ. ಹಲವು ವರ್ಷಗಳ ಹಿಂದೆ, ನಾನು ಕೆಲಸ ಮಾಡುತ್ತಿದ್ದ ಹ್ಯಾಚರಿಯಲ್ಲಿ ಮೀಟರ್ ಕೆಟ್ಟಿತ್ತು. ವಾಸನೆಯ ಅಂದಾಜಿನ ಮೇಲೆ ತೊಳೆದೆ. ಸಂಜೆ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಮೊಟ್ಟೆಗಳು ಗಾಜಿನಷ್ಟು ಸ್ವಚ್ಛ, ಒಳಗೆ ಹೃದಯ ಮಿಡಿಯುತ್ತಿದೆ, ಬಾಲ ಬಡಿಯುತ್ತಿದೆ. ಹೊರಬರುವ ಹೊತ್ತು ಕಳೆಯಿತು, ಒಂದೂ ಒಡೆಯಲಿಲ್ಲ. ಮರಿ ಹೊರಬರುವ ಮುಂಚೆ ಒಂದು ಕಿಣ್ವ ಬಿಟ್ಟು ಚಿಪ್ಪನ್ನು ಒಳಗಿನಿಂದ ಕರಗಿಸಿಕೊಳ್ಳುತ್ತದೆ. ಓಝೋನ್ ಅತಿಯಾಗಿ ಚಿಪ್ಪಿನ ಪ್ರೋಟೀನ್ ಗಟ್ಟಿಯಾಗಿ ಆ ಕಿಣ್ವಕ್ಕೆ ಬಗ್ಗಲಿಲ್ಲ. ರಾತ್ರಿಯ ಹೊತ್ತಿಗೆ ಆ ಹೃದಯಗಳು ಚಿಪ್ಪಿನೊಳಗೇ ಒಂದೊಂದಾಗಿ ನಿಂತವು. ಎಷ್ಟೋ ಬ್ಯಾಚು ಕಳೆದುಕೊಂಡಿದ್ದೇನೆ, ಆ ರಾತ್ರಿ ಮಾತ್ರ ಮರೆತಿಲ್ಲ. ಕೋಣೆಯೊಳಗೆ ಓಝೋನ್ ಸೋರಿದರೆ ನಿಮ್ಮ ಶ್ವಾಸಕೋಶಕ್ಕೂ ಕೆಡುಕು ಎಂಬುದನ್ನು ಇದಕ್ಕೆ ಸೇರಿಸಿಕೊಳ್ಳಿ.

ಹೈಡ್ರೋಜನ್ ಪೆರಾಕ್ಸೈಡ್ ಕೊನೆಗೆ ನೀರು, ಆಮ್ಲಜನಕವಾಗಿ ಒಡೆಯುತ್ತದೆ, ಶೇಷ ಉಳಿಯುವುದಿಲ್ಲ. ಅದು ದೊಡ್ಡ ಅನುಕೂಲ. ಆದರೆ ಯಾವ ಮೀನಿನ ಮೊಟ್ಟೆ ಎಷ್ಟು ತಡೆಯುತ್ತದೆ ಎಂಬುದರಲ್ಲಿ ಬಹಳ ವ್ಯತ್ಯಾಸವಿದೆ. ಡಬ್ಬದ ಶಕ್ತಿಯೂ ಇಟ್ಟಲ್ಲೇ ಇಳಿಯುತ್ತದೆ. ಗ್ಲುಟರಾಲ್ಡಿಹೈಡ್ ಬ್ಯಾಕ್ಟೀರಿಯಾವನ್ನು ಚೆನ್ನಾಗಿ ಕೊಲ್ಲುತ್ತದೆ, ಯುರೋಪಿನಲ್ಲಿ ಹ್ಯಾಲಿಬಟ್ ಮೊಟ್ಟೆಗೆ ಬಳಸಿ ನೋಡಿದ್ದಾರೆ. ಅದನ್ನು ಮುಟ್ಟುವವರ ಚರ್ಮ, ಕಣ್ಣು, ಉಸಿರಿಗೆ ಅಪಾಯ. ಗಾಳಿಯಾಡದ ಶೆಡ್ಡಿನಲ್ಲಿ ಕೈಗವಸಿಲ್ಲದೆ ಕೆಲಸ ಮಾಡುವ ಹುಡುಗರನ್ನು ನೋಡಿದ್ದೇನೆ, ಅವರ ಕೈಗೆ ಅದನ್ನು ಕೊಡಲು ನನಗೆ ಮನಸ್ಸಿಲ್ಲ. ಫಾರ್ಮಾಲಿನ್ ಈ ವೈರಸ್ಸಿನ ಮೇಲೆ ನಿಧಾನ, ಐದು ಹತ್ತು ನಿಮಿಷದಲ್ಲಿ ನೆಚ್ಚುವಂತಿಲ್ಲ.

ಆ್ಯಂಟಿಬಯೋಟಿಕ್ ಬೇಡವೇ ಬೇಡ. ವೈರಸ್ಸಿಗೆ ಅದು ತಾಗುವುದೇ ಇಲ್ಲ. ಬ್ಯಾಕ್ಟೀರಿಯಾಕ್ಕೆ ತಾಗಿದರೂ ಉಳಿಯುವುದು ಔಷಧಿಗೆ ಬಗ್ಗದ ವಿಬ್ರಿಯೋ. ಕ್ಲೋರಾಂಫೆನಿಕಾಲ್, ನೈಟ್ರೋಫ್ಯುರಾನ್ ಗುಂಪಿನವನ್ನು ಕರಾವಳಿ ಜಲಕೃಷಿಯಲ್ಲಿ ಬಳಸುವುದು ನಿಷಿದ್ಧ, ಹ್ಯಾಚರಿಯೂ ಅದರೊಳಗೇ ಬರುತ್ತದೆ. ನಿಮ್ಮ ಜೊತೆಯವರು ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. ಸಾಯುವ ಮರಿ ನೋಡುತ್ತ ಸುಮ್ಮನಿರಲು ಯಾರಿಗೂ ಆಗುವುದಿಲ್ಲ.

ಎಷ್ಟು, ಯಾವಾಗ ಎಂದು ಕೇಳಿದ್ದೀರಿ. ಯಾವಾಗ ಎಂಬುದು ಸುಲಭ. ಸೀಬಾಸ್ ಸಾಮಾನ್ಯವಾಗಿ ರಾತ್ರಿ ಎಂಟು ಹತ್ತರ ನಡುವೆ ಮೊಟ್ಟೆ ಇಟ್ಟಿರುತ್ತದೆ. ಮೊದಲ ಕೆಲವು ಗಂಟೆ ಕೋಶ ಒಡೆಯುವ, ಪದರ ಕಟ್ಟುವ ಹೊತ್ತು. ಆಗ ಜೋರಾಗಿ ನೀರು ಸುರಿದರೂ ಹಾಳಾಗುತ್ತದೆ. ಬೆಳಿಗ್ಗೆ ಆರು ಏಳರ ಹೊತ್ತಿಗೆ ಸೂಕ್ಷ್ಮದರ್ಶಕದಲ್ಲಿ ಭ್ರೂಣದ ಬೆನ್ನಗೆರೆ ಕಾಣುತ್ತದೆ, ಅದೇ ಸರಿಯಾದ ಸಮಯ. ಹೊರಬರಲು ಎರಡು ಮೂರು ಗಂಟೆ ಉಳಿದಿದೆ ಎಂದಾಗ ಮುಟ್ಟಬೇಡಿ, ಅಷ್ಟರಲ್ಲಿ ಚಿಪ್ಪು ಮೆತ್ತಗಾಗತೊಡಗಿರುತ್ತದೆ. ಅದ್ದುವ ಮೊದಲು ಗಾಳಿ ನಿಲ್ಲಿಸಿ ಹತ್ತು ನಿಮಿಷ ಬಿಡಿ. ಸತ್ತವು ಬಿಳಿಯಾಗಿ ತಳಕ್ಕಿಳಿಯುತ್ತವೆ, ಸೈಫನ್ ಮಾಡಿ ತೆಗೆಯಿರಿ. ಮಳೆಗಾಲದಲ್ಲಿ ಎಚ್ಚರ: ಅಳಿವೆ ಹತ್ತಿರದ ನೀರಿನ ಉಪ್ಪಿನಂಶ ಇಳಿದಾಗ ಒಳ್ಳೆಯ ಮೊಟ್ಟೆಯೂ ಮುಳುಗುತ್ತದೆ. ಉಪ್ಪಿನಂಶ ಅಳೆಯುವ ರಿಫ್ರ್ಯಾಕ್ಟೋಮೀಟರ್ ನೋಡದೆ ಮುಳುಗಿದ್ದನ್ನೆಲ್ಲ ಚೆಲ್ಲಿದವರನ್ನು ನಮ್ಮ ಕರಾವಳಿಯಲ್ಲೇ ಕಂಡಿದ್ದೇನೆ.

ಎಷ್ಟು ಎಂಬುದನ್ನು ನಿಮ್ಮ ಮೊಟ್ಟೆಯೇ ಹೇಳಬೇಕು. ಮುಂದಿನ ಬ್ಯಾಚಿನಿಂದ ಸ್ವಲ್ಪವೇ ಮೊಟ್ಟೆ ತೆಗೆದುಕೊಂಡು ಪ್ರಯೋಗ ಮಾಡಿ, ಉಳಿದದ್ದನ್ನು ಅವತ್ತಿನ ಮಟ್ಟಿಗೆ ಶುದ್ಧ ನೀರಿನಲ್ಲಷ್ಟೇ ತೊಳೆಯಿರಿ. ನಾಲ್ಕು ಬೀಕರ್: ಒಂದರಲ್ಲಿ ಬರೀ ನೀರು, ಮಿಕ್ಕವುಗಳಲ್ಲಿ 25, 50, 100 ಪಿಪಿಎಂ. ಅದ್ದುವ ಹೊತ್ತು ಎಲ್ಲಕ್ಕೂ ಒಂದೇ, ಐದು ನಿಮಿಷದಿಂದ ಶುರು ಮಾಡಿ. ಶೋಧಿಸಿ ಯುವಿ ಹಾಯಿಸಿದ ನೀರನ್ನು ಬಣ್ಣ ಪೂರ್ತಿ ಹೋಗುವವರೆಗೆ ಹರಿಸಿ ತೊಳೆದು, ತಲಾ ನೂರು ಮೊಟ್ಟೆ ಎಣಿಸಿ ಬೇರೆ ಬೇರೆ ಇಡಿ. ಸಾಧ್ಯವಾದರೆ ಪ್ರತಿಯೊಂದಕ್ಕೂ ಎರಡೆರಡು ಬೀಕರ್. ಎಷ್ಟು ಒಡೆದವು ಎಂದು ಎಣಿಸಿ ಅಲ್ಲಿಗೇ ನಿಲ್ಲಿಸಬೇಡಿ. ಹೊರಬಂದ ಮರಿಗಳಿಗೆ ಏನೂ ತಿನ್ನಿಸದೆ ಇಟ್ಟು ದಿನಕ್ಕೆಷ್ಟು ಸಾಯುತ್ತವೆ ಎಂದು ಬರೆದಿಡಿ. ಜಪಾನಿನ ಹ್ಯಾಚರಿಗಳಲ್ಲಿ ಮರಿಯ ಗಟ್ಟಿತನ ಅಳೆಯಲು ಈ ಉಪವಾಸದ ಪರೀಕ್ಷೆಯನ್ನೇ ಮಾಡುತ್ತಾರೆ. ಔಷಧಿ ಒಳಗೆ ಪೆಟ್ಟು ಕೊಟ್ಟಿದ್ದರೆ ಒಡೆಯುವ ಲೆಕ್ಕದಲ್ಲಿ ಕಾಣದೆ ಇಲ್ಲಿ ಕಾಣುತ್ತದೆ. ಬರೀ ನೀರಿನ ಬೀಕರಿಗೂ ಔಷಧಿಯದಕ್ಕೂ ಎರಡು ಲೆಕ್ಕದಲ್ಲೂ ವ್ಯತ್ಯಾಸವಿಲ್ಲದ ಡೋಸ್‌ಗಳಲ್ಲಿ ಎಲ್ಲಕ್ಕಿಂತ ಹೆಚ್ಚಿನದು ಯಾವುದೋ ಅದು ನಿಮ್ಮ ಡೋಸ್. ಉಳಿದ ಅಯೋಡಿನ್ ನೀರನ್ನು ಸೋಡಿಯಂ ಥಯೋಸಲ್ಫೇಟ್ ಹಾಕಿ ಬಣ್ಣ ತೆಗೆದೇ ಚರಂಡಿಗೆ ಬಿಡಿ.

ಶುಚಿಯಾದ ಮೊಟ್ಟೆ ಎಲ್ಲಿಗೆ ಹೋಗುತ್ತದೆ ಎಂಬುದನ್ನೂ ನೋಡಬೇಕು. ಖಾಲಿ ಸೈಟಿಗೆ ಎಲ್ಲಕ್ಕಿಂತ ಮೊದಲು ಬರುವುದು ಪಾರ್ಥೇನಿಯಂ. ಬ್ಯಾಕ್ಟೀರಿಯಾ ಲೋಕದಲ್ಲೂ ಹಾಗೇ. ಎಲ್ಲವನ್ನೂ ಕೊಂದು ಬಿಟ್ಟ ಜಾಗಕ್ಕೆ ಮೊದಲು ನುಗ್ಗುವವು ಬೇಗ ಬೆಳೆಯುವ ಜಾತಿಗಳು, ವಿಬ್ರಿಯೋದಂಥವು. ನಾರ್ವೆಯ ಟ್ರೋಂಡ್‌ಹೈಮ್‌ನ ಸಂಶೋಧಕರು ಇದನ್ನು ವರ್ಷಗಟ್ಟಲೆ ಅಭ್ಯಾಸ ಮಾಡಿ, ಶೋಧಿಸಿದ ನೀರನ್ನು ಜೈವಿಕ ಫಿಲ್ಟರಿನ ಮೂಲಕ ಹಾಯಿಸಿ ‘ಪಕ್ವ’ ಮಾಡುವ ಕ್ರಮ ಹೇಳಿದರು. ನಿಧಾನ ಬೆಳೆಯುವ ಬ್ಯಾಕ್ಟೀರಿಯಾ ಮೊದಲೇ ಜಾಗ ಹಿಡಿದಿದ್ದರೆ ವಿಬ್ರಿಯೋಗೆ ಎಡೆ ಸಿಗುವುದಿಲ್ಲ. ನಿಮಗೆ ಅಷ್ಟು ವ್ಯವಸ್ಥೆ ಇಲ್ಲದಿದ್ದರೂ ಇಷ್ಟು ಮಾಡಬಹುದು. ಮರಿ ಹೊರಬಂದ ಮೇಲೆ ಖಾಲಿ ಚಿಪ್ಪು, ಒಡೆಯದ ಮೊಟ್ಟೆ ಅವತ್ತೇ ತೆಗೆಯಿರಿ. ಮರಿಗಳ ಆಹಾರವಾದ ರೋಟಿಫರ್ ಎಂಬ ಸೂಕ್ಷ್ಮಜೀವಿಗಳನ್ನು ಕೊಡುವ ಮುನ್ನ ಶುದ್ಧ ನೀರಿನಲ್ಲಿ ತೊಳೆಯಿರಿ, ಅವುಗಳ ಬೆಳೆಸುವ ನೀರನ್ನು ಲಾರ್ವಾ ತೊಟ್ಟಿಗೆ ಸುರಿಯಬೇಡಿ. ತಾಯಿಮೀನಿನ ಕಡೆಯ ಬಲೆ, ಬಕೆಟ್, ಚಪ್ಪಲಿ ಯಾವುದೂ ಲಾರ್ವಾ ಕೋಣೆಗೆ ಬರಬಾರದು. ಮೂರನೆಯ ಬ್ಯಾಚು ಸತ್ತ ತೊಟ್ಟಿ, ಪೈಪು, ಗಾಳಿಕಲ್ಲುಗಳಿಗೆ ಕ್ಲೋರಿನ್ ಹಾಕಿ, ತೊಳೆದು, ಪೂರ್ತಿ ಒಣಗಿಸಿ. ಮೊಟ್ಟೆಯ ಮೇಲೆ ತೋರಿಸಲಾಗದ ಬಲವನ್ನೆಲ್ಲ ಅಲ್ಲಿ ತೋರಿಸಬಹುದು.

ಕೊನೆಗೆ ಒಂದು ಸಣ್ಣ ಅಭ್ಯಾಸ. ಪ್ರತಿ ಬ್ಯಾಚಿನಿಂದ, ಅದ್ದುವ ಮೊದಲು ಒಂದು ಚಮಚ ಮತ್ತು ಅದ್ದಿದ ನಂತರ ಒಂದು ಚಮಚ ಮೊಟ್ಟೆ ತೆಗೆದು, 95 ಪರ್ಸೆಂಟ್ ಎಥನಾಲ್ ಇರುವ ಪುಟ್ಟ ಸೀಸೆಗಳಲ್ಲಿ ಹಾಕಿ, ತಾಯಿಮೀನಿನ ಟ್ಯಾಗ್ ನಂಬರು ಮತ್ತು ತಾರೀಕನ್ನು ಪೆನ್ಸಿಲಿನಲ್ಲಿ ಬರೆದ ಚೀಟಿ ಒಳಗೇ ಇಟ್ಟು ಫ್ರಿಜ್ಜಿನಲ್ಲಿಡಿ. ಪೆನ್ನಿನ ಶಾಯಿ ಎಥನಾಲ್‌ನಲ್ಲಿ ಅಳಿಸಿಹೋಗುತ್ತದೆ. ಹದಿನೈದನೇ ದಿನ ಮರಿ ಸುತ್ತತೊಡಗಿದರೆ, ಆ ಎರಡು ಸೀಸೆಗಳನ್ನು ಮರಿಗಳ ಜೊತೆಗೇ ಪರೀಕ್ಷೆಗೆ ಕಳುಹಿಸಿ. ಮೊಟ್ಟೆಯಲ್ಲೇ ವೈರಸ್ ಇತ್ತೇ, ತೊಳೆದದ್ದರಿಂದ ಕಡಿಮೆಯಾಯಿತೇ, ಯಾವ ತಾಯಿಮೀನಿನದು ಎಂಬ ಮಾಹಿತಿ ಆಗ ನಿಮ್ಮ ಕೈಯಲ್ಲಿರುತ್ತದೆ, ಮಾಲೀಕರ ಮುಂದೆ ಅದನ್ನೇ ಇಡಬಹುದು.